ಬಡವರು ಆಸ್ಪತ್ರೆಗೆ ಕಡಿಮೆ ಸೇರುತ್ತಾರೆ, ಹಾಗೆಂದು ಅವರು ಆರೋಗ್ಯವಾಗಿದ್ದಾರೆಯೇ? ಚೆನ್ನೈ ಕೊಡುವ ಉತ್ತರ

ಅಮೆರಿಕ, ಇಂಗ್ಲೆಂಡ್‌ನಂಥ ದೇಶಗಳಲ್ಲಿ ಬಡವರು ವಾಸಿಸುವ ಬಡಾವಣೆಗಳಿಂದ ಆಸ್ಪತ್ರೆಗೆ ದಾಖಲಾಗುವವರ ಪ್ರಮಾಣ ಹೆಚ್ಚು, ಸಿರಿವಂತರ ಬಡಾವಣೆಗಳಿಂದ ಕಡಿಮೆ. ಬಡವನ ಮೈಗೆ ಕಾಯಿಲೆ ಬೇಗ ಅಂಟುತ್ತದೆ, ಸಣ್ಣದಿದ್ದಾಗಲೇ ನೋಡುವ ವೈದ್ಯರು ಹತ್ತಿರದಲ್ಲಿ ಇರುವುದಿಲ್ಲ, ಕೊನೆಗೆ ತುರ್ತು ಚಿಕಿತ್ಸಾ ಘಟಕದ ಮೂಲಕ ಹಾಸಿಗೆ ಸೇರುತ್ತಾನೆ. ಕೇಳಿದರೆ ಯಾರಿಗೂ ಆಶ್ಚರ್ಯವಾಗದ ಮಾತು.

ಭಾರತದಲ್ಲಿ ಇದು ತಲೆಕೆಳಗು. ರಾಷ್ಟ್ರೀಯ ಮಾದರಿ ಸಮೀಕ್ಷೆ ಸಂಸ್ಥೆ ಪ್ರತಿ ಬಾರಿ ಆರೋಗ್ಯದ ಲೆಕ್ಕ ತೆಗೆದಾಗಲೂ ಒಂದೇ ಚಿತ್ರ ಕಾಣುತ್ತದೆ. ಜನರನ್ನು ಐದು ಮೆಟ್ಟಿಲುಗಳಲ್ಲಿ ನಿಲ್ಲಿಸಿದರೆ, ಕೆಳಗಿನ ಮೆಟ್ಟಿಲಿನಿಂದ ಮೇಲಕ್ಕೆ ಹೋದಂತೆ ಆಸ್ಪತ್ರೆ ಸೇರುವವರ ಪ್ರಮಾಣವೂ ಏರುತ್ತದೆ. ಹಳ್ಳಿಗಳಲ್ಲಂತೂ ಈ ಏರಿಕೆ ಎದ್ದು ಕಾಣುತ್ತದೆ. ಅಂದರೆ ನಮ್ಮಲ್ಲಿ ಹೆಚ್ಚು ಅಡ್ಮಿಟ್ ಆಗುವವರು ಉಳ್ಳವರು. ಹಾಗಾದರೆ ನಮ್ಮ ಬಡವರು ಆರೋಗ್ಯವಾಗಿದ್ದಾರೆಯೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ಚೆನ್ನೈಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ದೇಶದ ಮೊದಲ ಕಾರ್ಪೊರೇಟ್ ಆಸ್ಪತ್ರೆ ಎಂದು ಹೆಸರಾದ ಅಪೋಲೊ 1983ರಲ್ಲಿ ಬಾಗಿಲು ತೆರೆದದ್ದು ಇಲ್ಲಿನ ಗ್ರೀಮ್ಸ್ ರಸ್ತೆಯಲ್ಲಿ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಮೈಸೂರಿನಿಂದ ಹೊರಟ ಕಾವೇರಿ ಎಕ್ಸ್‌ಪ್ರೆಸ್ ಹೋಗಿ ನಿಲ್ಲುವ ಸೆಂಟ್ರಲ್ ಸ್ಟೇಷನ್ನಿನ ಎದುರಿಗೇ, ಊರಿನವರು 'ಜಿಎಚ್' ಎಂದು ಕರೆಯುವ ರಾಜೀವ್ ಗಾಂಧಿ ಸರ್ಕಾರಿ ಜನರಲ್ ಆಸ್ಪತ್ರೆ ಇದೆ. ಅದರ ಮೂಲ 1664ರ ಸೇಂಟ್ ಜಾರ್ಜ್ ಕೋಟೆಯ ಚಿಕಿತ್ಸಾಲಯದವರೆಗೆ ಹೋಗುತ್ತದೆ. ಒಂದೇ ಊರಿನಲ್ಲಿ ಎರಡೂ ತುದಿಗಳು.

ಅಂಕಿಗಳು ಹೇಳುವುದೇನು?

2017ರ ಜುಲೈನಿಂದ 2018ರ ಜೂನ್‌ವರೆಗೆ ನಡೆದ 75ನೇ ಸುತ್ತಿನ ಸಮೀಕ್ಷೆಯಲ್ಲಿ 1.13 ಲಕ್ಷ ಕುಟುಂಬಗಳನ್ನು ಮಾತಾಡಿಸಲಾಯಿತು. ಹಿಂದಿನ ಒಂದು ವರ್ಷದಲ್ಲಿ, ಹೆರಿಗೆ ಬಿಟ್ಟು, ಆಸ್ಪತ್ರೆಯಲ್ಲಿ ದಾಖಲಾಗಿ ಚಿಕಿತ್ಸೆ ಪಡೆದವರು ಹಳ್ಳಿಗಳಲ್ಲಿ ಶೇ 2.6, ಪಟ್ಟಣಗಳಲ್ಲಿ ಶೇ 3.4. ಒಂದು ಬಾರಿ ದಾಖಲಾದರೆ ತಗಲುವ ಸರಾಸರಿ ವೈದ್ಯಕೀಯ ವೆಚ್ಚ ಪಟ್ಟಣದ ಸರ್ಕಾರಿ ಆಸ್ಪತ್ರೆಯಲ್ಲಿ 4,837 ರೂಪಾಯಿ, ಖಾಸಗಿಯಲ್ಲಿ 38,822 ರೂಪಾಯಿ. ಎಂಟು ಪಟ್ಟು. ಹಳ್ಳಿಗಳಲ್ಲಿ ಕ್ರಮವಾಗಿ 4,290 ಮತ್ತು 27,347. ಆಗ ಯಾವುದಾದರೂ ಆರೋಗ್ಯ ವಿಮೆ ಅಥವಾ ಯೋಜನೆಯ ರಕ್ಷಣೆ ಇದ್ದವರು ಹಳ್ಳಿಗಳಲ್ಲಿ ಶೇ 14, ಪಟ್ಟಣಗಳಲ್ಲಿ ಶೇ 19 ಮಾತ್ರ.

ಒಂದು ವಿಷಯ ಗಮನಿಸಬೇಕು. ಈ ಸಮೀಕ್ಷೆ ಮನೆಯ ಆದಾಯ ಎಷ್ಟು ಎಂದು ನೇರವಾಗಿ ಕೇಳುವುದಿಲ್ಲ, ತಿಂಗಳ ಖರ್ಚು ಎಷ್ಟು ಎಂದು ಕೇಳುತ್ತದೆ. ನಮ್ಮ ದೇಶದಲ್ಲಿ ಆದಾಯ ಹೇಳುವವರು ಕಡಿಮೆ, ಖರ್ಚು ಹೇಳುವವರು ಹೆಚ್ಚು. ಹಾಗಾಗಿ 'ಬಡ ಕುಟುಂಬ' ಎಂದರೆ ಇಲ್ಲಿ ಕಡಿಮೆ ಖರ್ಚು ಮಾಡುವ ಕುಟುಂಬ.

ಈ ಅಂಕಿಗಳನ್ನು ಓದುವಾಗ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 2002ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಎತ್ತಿದ ಮಾತು ನೆನಪಿನಲ್ಲಿರಬೇಕು. 'ನನಗೆ ಕಾಯಿಲೆ ಇದೆ' ಎಂದು ಹೇಳಿಕೊಳ್ಳುವವರು ಕೇರಳದಲ್ಲಿ ಹೆಚ್ಚು, ಬಿಹಾರದಲ್ಲಿ ಕಡಿಮೆ, ಅಮೆರಿಕದಲ್ಲಿ ಕೇರಳಕ್ಕಿಂತಲೂ ಹೆಚ್ಚು. ಹೀಗೆ ಕಾಯಿಲೆ ಹೆಚ್ಚು ಹೇಳಿಕೊಳ್ಳುವ ಕಡೆಯೇ ಆಯಸ್ಸೂ ಹೆಚ್ಚು. ವೈದ್ಯರನ್ನು ಕಂಡವರಿಗೆ ಕಾಯಿಲೆಯ ಹೆಸರು ಗೊತ್ತಾಗುತ್ತದೆ. ಕಾಣದವರು 'ಸುಸ್ತು', 'ಮೈಕೈ ನೋವು' ಎಂದುಕೊಂಡು ಕೆಲಸಕ್ಕೆ ಹೋಗುತ್ತಾರೆ. ಆಸ್ಪತ್ರೆ ದಾಖಲಾತಿಯ ಲೆಕ್ಕದಲ್ಲೂ ಕೇರಳ ಬಹಳ ಮೇಲಿದೆ, ಬಿಹಾರ ಬಹಳ ಕೆಳಗಿದೆ.

ಆದ್ದರಿಂದ ಒಂದು ಮಾತನ್ನು ನೇರವಾಗಿ ಹೇಳಬಹುದು. ನಮ್ಮಲ್ಲಿ ಆಸ್ಪತ್ರೆ ದಾಖಲಾತಿಯ ಪ್ರಮಾಣ ಅಳೆಯುವುದು ಕಾಯಿಲೆಯನ್ನಷ್ಟೇ ಅಲ್ಲ, ಆಸ್ಪತ್ರೆಯವರೆಗೆ ಹೋಗಿ ನಾಲ್ಕು ದಿನ ಮಲಗುವ ಶಕ್ತಿಯನ್ನೂ ಹೌದು. ಬಹಳಷ್ಟು ಸಲ ಎರಡನೆಯದನ್ನೇ ಹೆಚ್ಚು.

ಕಾಯಿಲೆ ಸಮವಾಯಿತು, ಹಾಸಿಗೆ?

ಉಳ್ಳವರಿಗೆ ಸಕ್ಕರೆ ಕಾಯಿಲೆ, ಬಿಪಿ, ಹೃದ್ರೋಗ, ಇಲ್ಲದವರಿಗೆ ಕೆಮ್ಮು, ಭೇದಿ, ಜ್ವರ ಎಂಬ ಹಳೆಯ ವಿಭಜನೆ ಒಂದಿತ್ತು. ಸಿರಿವಂತರು ಹೆಚ್ಚು ಅಡ್ಮಿಟ್ ಆಗುವುದಕ್ಕೆ ಅದನ್ನೇ ಕಾರಣವಾಗಿ ಕೊಡುವವರೂ ಇದ್ದರು. ಚೆನ್ನೈನಲ್ಲಿ ನಡೆದ ಒಂದು ಅಧ್ಯಯನ ಆ ನಂಬಿಕೆಯ ಬುಡವನ್ನೇ ಅಲ್ಲಾಡಿಸಿತು.

ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ನಿನ ಸಂಶೋಧಕರು 1990ರ ದಶಕದ ಕೊನೆಯ ಭಾಗದಲ್ಲಿ ನಗರದ ಎರಡು ಕಾಲೊನಿಗಳನ್ನು ಆಯ್ದುಕೊಂಡರು. ಒಂದು ತಿರುಮಂಗಲಂನ ಮಧ್ಯಮ ವರ್ಗದ ಕಾಲೊನಿ, ಇನ್ನೊಂದು ತ್ಯಾಗರಾಯ ನಗರದ ಕಡಿಮೆ ಆದಾಯದವರ ಕಾಲೊನಿ. ಆಗ ಮಧುಮೇಹ ಮಧ್ಯಮ ವರ್ಗದಲ್ಲಿ ಶೇ 12.4ರಷ್ಟಿತ್ತು, ಕಡಿಮೆ ಆದಾಯದವರಲ್ಲಿ ಶೇ 6.5. ಹತ್ತು ವರ್ಷ ಬಿಟ್ಟು ಮತ್ತೆ ಹೋಗಿ ನೋಡಿದಾಗ ಮಧ್ಯಮ ವರ್ಗದಲ್ಲಿ ಅದು ಶೇ 15ರ ಆಸುಪಾಸಿಗೆ ಬಂದಿತ್ತು. ಕಡಿಮೆ ಆದಾಯದ ಕಾಲೊನಿಯಲ್ಲೂ ಅಷ್ಟೇ. ಒಂದು ಕಡೆ ಕಾಲು ಭಾಗದಷ್ಟು ಏರಿಕೆ, ಇನ್ನೊಂದು ಕಡೆ ದುಪ್ಪಟ್ಟಿಗಿಂತ ಹೆಚ್ಚು. ಹತ್ತೇ ವರ್ಷದಲ್ಲಿ ಅಂತರ ಅಳಿಸಿಹೋಯಿತು.

ಸಕ್ಕರೆ ಕಾಯಿಲೆ ಈಗ ಜಾತಿ, ವರ್ಗ ನೋಡುತ್ತಿಲ್ಲ. ಅದು ಮುಂದೆ ಏನಾಗುತ್ತದೆ ಎಂಬುದಕ್ಕೆ ಮಾತ್ರ ಆದಾಯ ಮುಖ್ಯ. ತಿರುಮಂಗಲಂನ ನಿವೃತ್ತ ಬ್ಯಾಂಕ್ ನೌಕರರು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಾರೆ, ಕಾಲಿನಲ್ಲಿ ಗಾಯವಾದರೆ ಮರುದಿನವೇ ತೋರಿಸುತ್ತಾರೆ, ಬೇಕಾದರೆ ಎರಡು ದಿನ ಅಡ್ಮಿಟ್ ಆಗಿ ಬರುತ್ತಾರೆ. ಸಮೀಕ್ಷೆಯಲ್ಲಿ ಅದು ಒಂದು ದಾಖಲಾತಿ. ಮೀನು ಮಾರುವ ಹೆಂಗಸು ಅದೇ ಗಾಯಕ್ಕೆ ಅರಿಶಿನ ಹಚ್ಚಿ, ಬಟ್ಟೆ ಸುತ್ತಿ, ಮೂರು ವಾರ ಕೆಲಸಕ್ಕೆ ಹೋಗುತ್ತಾಳೆ. ಆ ಮೂರು ವಾರ ದಾಖಲಾತಿಯ ಲೆಕ್ಕದಲ್ಲಿ ಬೀಳುವುದಿಲ್ಲ. ಕಾಲು ಕಪ್ಪಾದ ಮೇಲೆ ಅವಳೂ ಆಸ್ಪತ್ರೆ ಸೇರುತ್ತಾಳೆ, ಆಗ ಅದೂ ಒಂದು ದಾಖಲಾತಿ. ಲೆಕ್ಕದಲ್ಲಿ ಇಬ್ಬರೂ ಸಮಾನರು. ಒಬ್ಬರು ಕಾಲು ಉಳಿಸಿಕೊಂಡು ಬಂದರು, ಇನ್ನೊಬ್ಬಳು ಬಹುಶಃ ಬೆರಳುಗಳನ್ನು ಕಳೆದುಕೊಂಡು ಬಂದಳು. (ಇವರಿಬ್ಬರೂ ವಿಷಯ ಬಿಡಿಸಿ ಹೇಳಲು ಕಲ್ಪಿಸಿಕೊಂಡವರು. ಆದರೆ ಇಂಥವರನ್ನು ಕಾಣಲು ಯಾವುದೇ ದೊಡ್ಡ ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಾರ್ಡಿಗೆ ಹೋದರೆ ಸಾಕು.)

ತಮಿಳುನಾಡಿನಲ್ಲಿ ಅಂತರ ಕಿರಿದಾದದ್ದು ಹೇಗೆ?

ದೇಶದ ಇತರ ಅನೇಕ ರಾಜ್ಯಗಳಿಗೆ ಹೋಲಿಸಿದರೆ ತಮಿಳುನಾಡಿನಲ್ಲಿ ಬಡವರು ಆಸ್ಪತ್ರೆಯ ಹಾಸಿಗೆ ತಲುಪುವುದು ಸುಲಭ. ಸರ್ಕಾರಿ ಆಸ್ಪತ್ರೆಗಳನ್ನು ಬಳಸುವವರ ಪಾಲು ಅಲ್ಲಿ ರಾಷ್ಟ್ರೀಯ ಸರಾಸರಿಗಿಂತ ಹೆಚ್ಚು, ಅಲ್ಲಿ ಕೈಯಿಂದ ಆಗುವ ಖರ್ಚು ಸರಾಸರಿಗಿಂತ ಬಹಳ ಕಡಿಮೆ. ಕರ್ನಾಟಕದಲ್ಲಿ ಖಾಸಗಿಯ ಪಾಲೇ ದೊಡ್ಡದು.

ಇದಕ್ಕೆ ವಿಮೆ ಕಾರಣ ಎಂದು ಹೇಳುವವರಿದ್ದಾರೆ. ನನ್ನ ಪ್ರಕಾರ ವಿಮೆಗೂ ಮೊದಲು ಬಂದ ಒಂದು ನೀರಸ ಸಂಸ್ಥೆಗೆ ಹೆಚ್ಚು ಅಂಕ ಸಲ್ಲಬೇಕು. ಅದು 1994ರಲ್ಲಿ ಹುಟ್ಟಿದ ತಮಿಳುನಾಡು ವೈದ್ಯಕೀಯ ಸೇವಾ ನಿಗಮ. ಇಡೀ ರಾಜ್ಯಕ್ಕೆ ಬೇಕಾದ ಔಷಧಿಗಳನ್ನು ಬ್ರ್ಯಾಂಡ್ ಹೆಸರಿನಲ್ಲಲ್ಲದೆ ಮೂಲ ಔಷಧದ ಹೆಸರಿನಲ್ಲಿ ಒಟ್ಟಿಗೆ ಟೆಂಡರ್ ಕರೆದು ಕೊಳ್ಳುವುದು, ಗುಣಮಟ್ಟ ಪರೀಕ್ಷಿಸುವುದು, ಜಿಲ್ಲೆಗಳ ಗೋದಾಮುಗಳಲ್ಲಿ ಇಟ್ಟು ಆಸ್ಪತ್ರೆಗಳಿಗೆ ಹಂಚುವುದು ಅದರ ಕೆಲಸ. ಕೇರಳ, ರಾಜಸ್ಥಾನ ಮುಂತಾದ ರಾಜ್ಯಗಳು ನಂತರ ಇದೇ ಮಾದರಿ ಹಿಡಿದವು. ಇದರ ಪರಿಣಾಮವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಚೀಟಿ ಹಿಡಿದು ಹೋದ ರೋಗಿಗೆ ಮಾತ್ರೆ ಕೌಂಟರಿನಲ್ಲೇ ಸಿಗುತ್ತದೆ, 'ಹೊರಗೆ ತಗೊಳ್ಳಿ' ಎಂಬ ಮಾತು ಕಡಿಮೆಯಾಗುತ್ತದೆ. ನಮ್ಮಲ್ಲಿ ಸರ್ಕಾರಿ ಆಸ್ಪತ್ರೆ ಎಂದ ಕೂಡಲೇ ಎದುರಿನ ಮೆಡಿಕಲ್ ಶಾಪ್ ನೆನಪಾಗುತ್ತದಲ್ಲ, ಆ ಕೊಂಡಿಯನ್ನು ಅದು ಸಡಿಲಿಸಿತು.

ಇನ್ನೊಂದು ಕಾರಣ, ಸರ್ಕಾರವೇ ದೊಡ್ಡ ಆಸ್ಪತ್ರೆ ಕಟ್ಟುವುದನ್ನು ನಿಲ್ಲಿಸಲಿಲ್ಲ. ಓಮಂದೂರಾರ್ ಎಸ್ಟೇಟಿನಲ್ಲಿ ವಿಧಾನಸಭೆ ಮತ್ತು ಸಚಿವಾಲಯಕ್ಕೆಂದು ಕಟ್ಟಿ 2010ರಲ್ಲಿ ಉದ್ಘಾಟಿಸಿದ ಕಟ್ಟಡವೇ ಸರ್ಕಾರ ಬದಲಾದ ಮೇಲೆ 2014ರಲ್ಲಿ ಬಹು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯಾಯಿತು. ರಾಜಕೀಯ ಹಗೆಯಿಂದ ಆದ ಬದಲಾವಣೆ ಎಂದು ಆಗ ಟೀಕೆ ಬಂತು. ಟೀಕೆಯಲ್ಲಿ ಹುರುಳಿತ್ತು, ಆದರೆ ಶಾಸಕರ ಕುರ್ಚಿಯ ಜಾಗಕ್ಕೆ ರೋಗಿಯ ಹಾಸಿಗೆ ಬಂದದ್ದನ್ನು ಬೈಯುವುದು ಕಷ್ಟ. 2023ರ ಜೂನ್‌ನಲ್ಲಿ ಗಿಂಡಿಯಲ್ಲಿ 1,000 ಹಾಸಿಗೆಗಳ ಕಲೈಞರ್ ಶತಮಾನೋತ್ಸವ ಆಸ್ಪತ್ರೆ ತೆರೆಯಿತು. ದ್ರಾವಿಡ ಪಕ್ಷಗಳು ಪರಸ್ಪರ ಕಟ್ಟಡಗಳ ಹೆಸರು ಬದಲಿಸಬಹುದು, ಒಬ್ಬರು ತೆರೆದ ವಾರ್ಡನ್ನು ಇನ್ನೊಬ್ಬರು ಮುಚ್ಚುವ ಧೈರ್ಯ ಮಾಡುವುದಿಲ್ಲ.

ಉಚಿತ ಎಂದರೂ ಖರ್ಚು ಇದೆ

ಹಾಗಾದರೆ ಚೆನ್ನೈನಲ್ಲಿ ಆದಾಯದ ಪ್ರಶ್ನೆ ಮುಗಿಯಿತೇ? ಇಲ್ಲ. ಚಿಕಿತ್ಸೆಯ ಬಿಲ್ ಸೊನ್ನೆಯಾದ ಮೇಲೆ ಉಳಿಯುವ ಬಿಲ್ ಯಾವುದು ಎಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಒಂದು ಲೆಕ್ಕ ಹಾಕೋಣ. ಕಟ್ಟಡ ಕೆಲಸಗಾರನೊಬ್ಬನ ದಿನಗೂಲಿ 800 ರೂಪಾಯಿ, ಮನೆಗೆಲಸ ಮಾಡುವ ಅವನ ಹೆಂಡತಿಯ ದಿನದ ಸಂಪಾದನೆ 500 ರೂಪಾಯಿ ಎಂದುಕೊಳ್ಳಿ. ಅವನು ಆರು ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಮಲಗುತ್ತಾನೆ, ನೋಡಿಕೊಳ್ಳಲು ಅವಳು ಜೊತೆಗಿರುತ್ತಾಳೆ. ಆರು ದಿನಕ್ಕೆ 7,800 ರೂಪಾಯಿ ಹೋಯಿತು. ಆಮೇಲೆ ಎರಡು ವಾರ ಭಾರ ಎತ್ತಬೇಡ ಎಂದು ವೈದ್ಯರು ಹೇಳುತ್ತಾರೆ. ಇನ್ನೂ 11,200 ರೂಪಾಯಿ. ಒಟ್ಟು 19,000. ಚಿಕಿತ್ಸೆ ಪೂರ್ತಿ ಉಚಿತ! ಸಮೀಕ್ಷೆ ಕೊಡುವ 4,837 ರೂಪಾಯಿ ಸರಾಸರಿಯಲ್ಲಿ ಈ ಕಳೆದ ಕೂಲಿ ಸೇರಿಲ್ಲ. ತಿಂಗಳ ಸಂಬಳದ ನೌಕರನಿಗೆ ಈ ಖರ್ಚೇ ಇಲ್ಲ, ಅವನಿಗೆ ಸಿಕ್ ಲೀವ್ ಇದೆ. ಹೀಗಾಗಿ 'ಉಚಿತ' ಹಾಸಿಗೆಯ ನಿಜವಾದ ಬೆಲೆ ಬಡವನಿಗೇ ಹೆಚ್ಚು.

ಈ ನಷ್ಟವನ್ನು ತುಂಬಿಕೊಡುವ ವ್ಯವಸ್ಥೆ ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ ಎಂದಲ್ಲ. 1948ರ ಕಾಯ್ದೆಯಡಿ ಬಂದ ಇಎಸ್‌ಐನಲ್ಲಿ ನೋಂದಾಯಿತ ಕಾರ್ಮಿಕನಿಗೆ ಕಾಯಿಲೆಯ ದಿನಗಳಿಗೆ ಕೂಲಿಯ ಶೇ 70ರಷ್ಟು ಹಣ, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಚೆನ್ನೈನ ಕೆ.ಕೆ. ನಗರದಲ್ಲಿ, ಬೆಂಗಳೂರಿನ ರಾಜಾಜಿನಗರದಲ್ಲಿ ಇಎಸ್‌ಐನ ದೊಡ್ಡ ಆಸ್ಪತ್ರೆಗಳಿವೆ. ಪೀಣ್ಯದ ಕಾರ್ಖಾನೆ ಕಾರ್ಮಿಕರಿಗೆ, ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಆ ಕಾರ್ಡಿನ ಬೆಲೆ ಗೊತ್ತು. ಆದರೆ ಮನೆಗೆಲಸದವರು, ತಳ್ಳುಗಾಡಿಯವರು, ಮೇಸ್ತ್ರಿ ಕೈಕೆಳಗಿನ ಗಾರೆ ಕೆಲಸದವರಲ್ಲಿ ಬಹುತೇಕರು ಅದರ ಹೊರಗೆ. ಹೆರಿಗೆಯ ವಿಷಯದಲ್ಲಿ ತಮಿಳುನಾಡು ಈ ಮಾತನ್ನು ಬಹಳ ಹಿಂದೆಯೇ ಅರ್ಥ ಮಾಡಿಕೊಂಡಿತ್ತು. ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಹೆರಿಗೆ ಸಹಾಯ ಯೋಜನೆ 1987ರಿಂದ ಬಡ ಬಸುರಿಯರಿಗೆ ನಗದು ಕೊಡುತ್ತಿದೆ, ಅದು ಈಗ ನಗದು ಮತ್ತು ಪೌಷ್ಟಿಕ ಆಹಾರ ಸೇರಿ 18,000 ರೂಪಾಯಿಯ ಯೋಜನೆ. ಹೆರಿಗೆಗೆ ಒಪ್ಪಿದ ತರ್ಕವನ್ನು ಹರ್ನಿಯಾ ಶಸ್ತ್ರಚಿಕಿತ್ಸೆಗೆ ಒಪ್ಪಲು ಯಾವ ರಾಜ್ಯವೂ ಆತುರ ತೋರುತ್ತಿಲ್ಲ.

ದೂರದ ಮಾತೂ ಇದೆ. ಕೂವಂ, ಅಡ್ಯಾರ್ ನದಿಗಳ ದಂಡೆಯಲ್ಲಿದ್ದ ಗುಡಿಸಲುಗಳನ್ನು ತೆರವು ಮಾಡಿ, ವಿಶೇಷವಾಗಿ 2015ರ ಪ್ರವಾಹದ ನಂತರ, ಸಾವಿರಾರು ಕುಟುಂಬಗಳನ್ನು ಪೆರುಂಬಾಕ್ಕಂ ಮತ್ತು ಅದಕ್ಕೂ ಮೊದಲು ಕಣ್ಣಗಿ ನಗರ, ಸೆಮ್ಮಂಜೇರಿಗಳ ಮರುವಸತಿ ಕಟ್ಟಡಗಳಿಗೆ ಕಳಿಸಲಾಯಿತು. ಎಲ್ಲವೂ ಊರಿನ ದಕ್ಷಿಣದ ಅಂಚಿನಲ್ಲಿ, ಹಳೆಯ ಮಹಾಬಲಿಪುರಂ ರಸ್ತೆಯ ಕಡೆ. ನದಿ ದಂಡೆಯಲ್ಲಿದ್ದಾಗ ಜಿಎಚ್, ರಾಯಪೇಟೆ, ಎಗ್ಮೋರ್ ಮಕ್ಕಳ ಆಸ್ಪತ್ರೆ ನಡಿಗೆಯ ಅಥವಾ ಒಂದು ಬಸ್ಸಿನ ದೂರದಲ್ಲಿದ್ದವು. ಈಗ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಆ ಮನೆಯ ಆದಾಯ ಬದಲಾಗಿಲ್ಲ, ವಿಮಾ ಕಾರ್ಡ್ ಬದಲಾಗಿಲ್ಲ, ಆಸ್ಪತ್ರೆ ಮಾತ್ರ ದೂರವಾಯಿತು. ಬಡತನದ ರೇಖೆಯನ್ನು ರೂಪಾಯಿಯಲ್ಲಿ ಎಳೆಯುವ ಅಧಿಕಾರಿಗಳು ಈ ಕಿಲೋಮೀಟರುಗಳನ್ನು ಎಲ್ಲಿ ಬರೆದುಕೊಳ್ಳುತ್ತಾರೆ?

ಈ ಕಾರಣಕ್ಕೇ 2021ರ ಮೇ ತಿಂಗಳಲ್ಲಿ ತಮಿಳುನಾಡು ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಕೊಟ್ಟ ಉಚಿತ ಪ್ರಯಾಣವನ್ನೂ, 2023ರ ಜೂನ್‌ನಲ್ಲಿ ಬಂದ ನಮ್ಮ 'ಶಕ್ತಿ' ಯೋಜನೆಯನ್ನೂ ಆರೋಗ್ಯ ಯೋಜನೆಗಳ ಪಟ್ಟಿಯಲ್ಲಿ ಸೇರಿಸಿ ನೋಡಬೇಕು ಅನ್ನಿಸುತ್ತದೆ. ಹಳ್ಳಿಯಿಂದ ಜಿಲ್ಲಾಸ್ಪತ್ರೆಗೆ ಬಂದು ವಾರ್ಡಿನಲ್ಲಿ ಕಾಯುವವರು ಹೆಚ್ಚಾಗಿ ಹೆಂಗಸರೇ. 2008ರಲ್ಲಿ ಶುರುವಾದ ರಾಷ್ಟ್ರೀಯ ಸ್ವಾಸ್ಥ್ಯ ವಿಮಾ ಯೋಜನೆ ಕೂಡ 30,000 ರೂಪಾಯಿ ರಕ್ಷಣೆಯ ಜೊತೆಗೆ ಪ್ರತಿ ದಾಖಲಾತಿಗೆ 100 ರೂಪಾಯಿ ಪ್ರಯಾಣ ಭತ್ಯೆ ಇಟ್ಟಿತ್ತು. ಮೊತ್ತ ಸಣ್ಣದು, ಆದರೆ ಬಸ್ ಚಾರ್ಜ್ ಕೂಡ ಚಿಕಿತ್ಸೆಯ ಭಾಗ ಎಂದು ಒಪ್ಪಿಕೊಂಡ ಯೋಜನೆ ಅದು.

ಕಾರ್ಡ್ ಇದೆ, ದಾರಿ ಗೊತ್ತಿಲ್ಲ

ತಮಿಳುನಾಡಿನಲ್ಲಿ 2009ರ ಜುಲೈನಲ್ಲಿ ಕರುಣಾನಿಧಿ ಸರ್ಕಾರ ಜೀವರಕ್ಷಕ ಚಿಕಿತ್ಸೆಗಳ ವಿಮೆ ತಂದಿತು. 2012ರಲ್ಲಿ ಜಯಲಲಿತಾ ಅದನ್ನು ಹೊಸ ರೂಪದಲ್ಲಿ ಮುಖ್ಯಮಂತ್ರಿ ಸಮಗ್ರ ಆರೋಗ್ಯ ವಿಮೆಯಾಗಿಸಿದರು. ಆಗ ಕುಟುಂಬದ ವಾರ್ಷಿಕ ಆದಾಯ ಮಿತಿ 72,000 ರೂಪಾಯಿ. 2022ರ ಹೊತ್ತಿಗೆ ಅದು 1.20 ಲಕ್ಷಕ್ಕೆ ಏರಿತು, ಅಂದರೆ ತಿಂಗಳಿಗೆ 10,000 ರೂಪಾಯಿ. ಮೇಲಿನ ನಮ್ಮ ಕಟ್ಟಡ ಕೆಲಸಗಾರ ತಿಂಗಳಿಗೆ 20 ದಿನ ಕೆಲಸ ಸಿಕ್ಕರೂ ಒಬ್ಬನೇ 16,000 ದುಡಿಯುತ್ತಾನೆ. ಕಾಗದದ ಪ್ರಕಾರ ಅವನು 'ಬಡವ' ಅಲ್ಲ. ಆದಾಯ ಪ್ರಮಾಣ ಪತ್ರದಲ್ಲಿ ನಿಜ ಬರೆಸಿದರೆ ಕಾರ್ಡ್ ಇಲ್ಲ, ಕಾರ್ಡ್ ಬೇಕಾದರೆ ನಿಜ ಬರೆಸುವ ಹಾಗಿಲ್ಲ.

ಇದು ಕರ್ನಾಟಕದ ಓದುಗರಿಗೆ ಹೊಸ ಮಾತಲ್ಲ. ನಮ್ಮಲ್ಲೂ ಬಿಪಿಎಲ್ ಕಾರ್ಡಿನ ಆದಾಯ ಮಿತಿ 1.20 ಲಕ್ಷವೇ. 2024ರ ನವೆಂಬರಿನಲ್ಲಿ ಅನರ್ಹರ ಬಿಪಿಎಲ್ ಕಾರ್ಡ್ ರದ್ದಾದಾಗ ಎದ್ದ ಗಲಾಟೆ ನೆನಪಿರಬಹುದು. ಸರ್ಕಾರ ಹಿಂದೆ ಸರಿಯಬೇಕಾಯಿತು. ಚರ್ಚೆಯೆಲ್ಲ ಅಕ್ಕಿಯ ಸುತ್ತ ನಡೆಯಿತು. ಆದರೆ ಎಷ್ಟೋ ಕುಟುಂಬಗಳು ಆ ಕಾರ್ಡನ್ನು ಭದ್ರವಾಗಿ ಇಟ್ಟುಕೊಂಡಿರುವುದು ಅಕ್ಕಿಗಲ್ಲ, ಆಸ್ಪತ್ರೆಗೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ 1.5 ಲಕ್ಷದ ಮಿತಿಯೊಳಗೆ. ಒಂದು ಕಾರ್ಡಿನ ಬಣ್ಣ ಬದಲಾದರೆ ಒಂದು ಬೈಪಾಸ್ ಶಸ್ತ್ರಚಿಕಿತ್ಸೆಯ ಲೆಕ್ಕವೇ ಬದಲಾಗುತ್ತದೆ.

ವಿಮೆ ಬಂದರೆ ಬಡವರ ದಾಖಲಾತಿ ಏರುತ್ತದೆಯೇ? ಈ ಪ್ರಶ್ನೆಗೆ ದೇಶದಲ್ಲೇ ಅತ್ಯಂತ ಗಟ್ಟಿ ಉತ್ತರಗಳು ಸಿಕ್ಕಿರುವುದು ಕರ್ನಾಟಕದಿಂದ, ಮತ್ತು ಅವು ಎರಡು ದಿಕ್ಕಿಗೆ ತೋರಿಸುತ್ತವೆ.

2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಉತ್ತರ ಕರ್ನಾಟಕದಲ್ಲಿ ಜಾರಿಯಾಯಿತು, ದಕ್ಷಿಣಕ್ಕೆ ತಡವಾಗಿ ಬಂತು. ಸಂಶೋಧಕರು ಈ ತಡವನ್ನೇ ಬಳಸಿಕೊಂಡು ಗಡಿಯ ಆಚೀಚೆ ಇರುವ ಹಳ್ಳಿಗಳನ್ನು ಹೋಲಿಸಿದರು. 2014ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಬಂದ ಆ ಅಧ್ಯಯನದ ಪ್ರಕಾರ, ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ ಹೃದ್ರೋಗ, ಕ್ಯಾನ್ಸರ್‌ನಂಥ ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದಾದ ಸಾವು ಶೇ 0.32, ಇಲ್ಲದ ಕಡೆ ಶೇ 0.90. ಆಸ್ಪತ್ರೆಗೆ ಕೈಯಿಂದ ಆಗುವ ಖರ್ಚು ಸುಮಾರು ಮೂರನೇ ಒಂದು ಭಾಗ ಇಳಿಯಿತು. ಗಮನಿಸಬೇಕಾದದ್ದು, ಆ ಯೋಜನೆ ಕಾರ್ಡ್ ಹಂಚಿ ಸುಮ್ಮನಾಗಲಿಲ್ಲ. ಊರೂರಲ್ಲಿ ತಪಾಸಣಾ ಶಿಬಿರ ನಡೆಸಿತು, ಆಸ್ಪತ್ರೆಯಲ್ಲಿ ಕೈಹಿಡಿದು ನಡೆಸಲು 'ಆರೋಗ್ಯಮಿತ್ರ'ರನ್ನು ಇಟ್ಟಿತು.

ಎರಡನೆಯದು ಮೈಸೂರು ಮತ್ತು ಕಲಬುರಗಿ ಜಿಲ್ಲೆಗಳ 10,879 ಕುಟುಂಬಗಳ ಮೇಲೆ ನಡೆದ ದೊಡ್ಡ ಪ್ರಯೋಗ. ಇವರು ಬಡತನ ರೇಖೆಗಿಂತ ಸ್ವಲ್ಪ ಮೇಲಿದ್ದವರು. ಉಚಿತ ಆಸ್ಪತ್ರೆ ವಿಮೆ ಕೊಡುತ್ತೇವೆ ಎಂದಾಗ ಶೇ 78ಕ್ಕೂ ಹೆಚ್ಚು ಕುಟುಂಬಗಳು ಪಡೆದವು, ದುಡ್ಡು ಕೊಟ್ಟು ಕೊಳ್ಳಿ ಎಂದಾಗಲೂ ಶೇ 60ರಷ್ಟು ಮನೆಯವರು ಕೊಂಡರು. ವಿಮೆಯ ಬಳಕೆ ಹೆಚ್ಚಿತು. ಆದರೆ ಬಳಸಲು ಹೋದ ಅನೇಕರಿಗೆ ಬಳಸಲು ಆಗಲೇ ಇಲ್ಲ. ಅಳೆದ ಆರೋಗ್ಯದ ಸೂಚ್ಯಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೂ ಕಾಣಲಿಲ್ಲ. ಅಕ್ಕಪಕ್ಕದ ಹೆಚ್ಚು ಮನೆಗಳಲ್ಲಿ ವಿಮೆ ಇದ್ದ ಹಳ್ಳಿಗಳಲ್ಲಿ ಮಾತ್ರ ಬಳಕೆ ಚೆನ್ನಾಗಿತ್ತು. ಅಂದರೆ ಯಾವ ಕೌಂಟರಿಗೆ ಹೋಗಬೇಕು, ಏನು ಕೇಳಬೇಕು ಎಂಬುದನ್ನು ಜನ ಒಬ್ಬರಿಂದ ಒಬ್ಬರು ಕಲಿತರು.

ಈ ಎರಡು ಅಧ್ಯಯನಗಳ ಜನ ಬೇರೆ, ಯೋಜನೆ ಬೇರೆ, ನೇರವಾಗಿ ತಕ್ಕಡಿಗೆ ಹಾಕಲಾಗದು. ಆದರೂ ಪಕ್ಕಪಕ್ಕ ಇಟ್ಟು ಓದಿದರೆ ಒಂದು ಅನುಮಾನ ಗಟ್ಟಿಯಾಗುತ್ತದೆ. ಕಾರ್ಡ್ ಒಂದೇ ಬಡವನನ್ನು ಹಾಸಿಗೆಗೆ ತಲುಪಿಸುವುದಿಲ್ಲ, ಕರೆದೊಯ್ಯುವವರು ಬೇಕು.

ಹೆಚ್ಚು ದಾಖಲಾತಿ ಎಂದರೆ ಒಳ್ಳೆಯದೇ?

ಇಲ್ಲೊಂದು ಎಚ್ಚರಿಕೆ. ಉಳ್ಳವರಷ್ಟೇ ಬಡವರೂ ಅಡ್ಮಿಟ್ ಆಗಬೇಕು ಎಂಬುದು ಗುರಿಯಾಗಬಾರದು, ಏಕೆಂದರೆ ಉಳ್ಳವರ ದಾಖಲಾತಿಯಲ್ಲಿ ಎಲ್ಲವೂ ಅಗತ್ಯವಾದದ್ದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಸರ್ಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಸಿಸೇರಿಯನ್ ಶೇ 14.3, ಖಾಸಗಿಯಲ್ಲಿ ಶೇ 47.4. ಈ ಅಂತರವನ್ನು ವೈದ್ಯಕೀಯ ಕಾರಣವೊಂದರಿಂದಲೇ ವಿವರಿಸಲು ಆಗುವುದಿಲ್ಲ. ಬಡವರನ್ನು ಹಾಸಿಗೆಗೆ ಎಳೆಯುವ ಕೆಟ್ಟ ದಾರಿಯೂ ಇದೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣ 2015ರ ಸುಮಾರಿಗೆ ಹೊರಬಂದಾಗ ರಾಜ್ಯವೇ ಬೆಚ್ಚಿತ್ತು. ಅಲ್ಲಿ ದಾಖಲಾತಿಯ ಪ್ರಮಾಣ ಚೆನ್ನಾಗಿಯೇ ಇತ್ತು!

ಹಾಗೆಯೇ 'ಕೈಯಿಂದ ಆಗುವ ಖರ್ಚು ಇಳಿದಿದೆ' ಎಂಬ ಸರ್ಕಾರಿ ಅಂಕಿಯನ್ನೂ ತಿರುಗಿಸಿ ನೋಡಬೇಕು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಭರಿಸುವ ಪಾಲು 2014-15ರಲ್ಲಿ ಶೇ 62.6 ಇತ್ತು, 2021-22ರಲ್ಲಿ ಶೇ 39.4ಕ್ಕೆ ಇಳಿಯಿತು. ದೊಡ್ಡ ಸಾಧನೆ ಎಂದೇ ಹೇಳಬೇಕು. ಆದರೆ ಈ ಲೆಕ್ಕಕ್ಕೆ ಆಧಾರವಾದ ಮಾದರಿ ಸಮೀಕ್ಷೆಗಳಲ್ಲಿ ಇನ್ನೊಂದು ಇಳಿಕೆಯೂ ಇದೆ. 2014ರ ಸುತ್ತಿನಲ್ಲಿ ಆಸ್ಪತ್ರೆ ಸೇರಿದವರು ಹಳ್ಳಿಗಳಲ್ಲಿ ಶೇ 3.5, ಪಟ್ಟಣಗಳಲ್ಲಿ ಶೇ 4.4 ಇದ್ದರು. 2017-18ರಲ್ಲಿ ಅದು 2.6 ಮತ್ತು 3.4. ಎರಡೂ ಸಮೀಕ್ಷೆಗಳ ಅವಧಿ ಬೇರೆಯಾದ್ದರಿಂದ ಪೂರ್ತಿ ಹೋಲಿಕೆ ಸಲ್ಲದು. ಆದರೂ ಅರ್ಥಶಾಸ್ತ್ರಜ್ಞರು ಎತ್ತಿದ ಪ್ರಶ್ನೆ ಉಳಿಯುತ್ತದೆ: ಖರ್ಚು ಇಳಿದದ್ದು ಚಿಕಿತ್ಸೆ ಅಗ್ಗವಾದ್ದರಿಂದಲೇ, ಅಥವಾ ಆಸ್ಪತ್ರೆಗೆ ಹೋಗುವವರು ಕಡಿಮೆಯಾದ್ದರಿಂದಲೇ? ಹೋಗದವನ ಖರ್ಚು ಸೊನ್ನೆ, ಲೆಕ್ಕಪತ್ರದಲ್ಲಿ ಅದು ಉಳಿತಾಯದ ಹಾಗೆ ಕಾಣುತ್ತದೆ.

ತಮಿಳುನಾಡು ಈಗ ಹಿಡಿದಿರುವ ಇನ್ನೊಂದು ದಾರಿ ಆಸ್ಪತ್ರೆಗೆ ಮೊದಲಿನದು. 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯಲ್ಲಿ, ಕನ್ನಡ ಮಾತಾಡುವ ಊರುಗಳೂ ಇರುವ ಗಡಿ ಸೀಮೆಯಲ್ಲಿ, 'ಮಕ್ಕಳೈ ತೇಡಿ ಮರುತ್ತುವಂ' ಶುರುವಾಯಿತು. ಜನರನ್ನು ಹುಡುಕಿಕೊಂಡು ಹೋಗುವ ವೈದ್ಯಕೀಯ ಎಂಬ ಅರ್ಥ. ಬಿಪಿ, ಸಕ್ಕರೆ ಕಾಯಿಲೆಯವರ ಮನೆಗೇ ಕಾರ್ಯಕರ್ತೆಯರು ಮಾತ್ರೆ ತಲುಪಿಸುತ್ತಾರೆ, ಅಲ್ಲೇ ಪರೀಕ್ಷಿಸುತ್ತಾರೆ. 2024ರಲ್ಲಿ ವಿಶ್ವಸಂಸ್ಥೆಯ ಅಂತರ್ ಸಂಸ್ಥಾ ಕಾರ್ಯಪಡೆಯ ಪ್ರಶಸ್ತಿಯೂ ಇದಕ್ಕೆ ಬಂತು. ಇದು ನೆಟ್ಟಗೆ ನಡೆದರೆ ಮುಂದಿನ ವರ್ಷಗಳಲ್ಲಿ ಚೆನ್ನೈನ ಬಡ ಬಡಾವಣೆಗಳ ದಾಖಲಾತಿ ಇಳಿಯಬಹುದು, ಆಗ ಆ ಇಳಿಕೆ ಒಳ್ಳೆಯ ಸುದ್ದಿ. ನಡೆಯದಿದ್ದರೂ ಇಳಿಯಬಹುದು, ಆಗ ಕೆಟ್ಟ ಸುದ್ದಿ. ಎರಡನ್ನೂ ಬೇರ್ಪಡಿಸಲು ಒಂದು ಸುಲಭದ ಲೆಕ್ಕ ಸಾಕು: ದಾಖಲಾದವರು ಕಾಯಿಲೆಯ ಯಾವ ಹಂತದಲ್ಲಿ ಬಂದರು, ಕಾಲಿನ ಗಾಯದೊಂದಿಗೋ, ಕಾಲು ಕೊಳೆತ ಮೇಲೋ?

ಕರ್ನಾಟಕದಲ್ಲಿ ಈ ಲೆಕ್ಕ ತೆಗೆಯಲು ಹೊಸ ಸಮೀಕ್ಷೆಯೂ ಬೇಕಿಲ್ಲ. ಆರೋಗ್ಯ ಕರ್ನಾಟಕದಡಿ ಪ್ರತಿ ದಾಖಲಾತಿಗೂ ರೋಗಿಯ ಕಾರ್ಡಿನ ವಿವರ, ಕಾಯಿಲೆ, ಆಸ್ಪತ್ರೆ ಎಲ್ಲವೂ ಕಂಪ್ಯೂಟರಿನಲ್ಲಿ ಬೀಳುತ್ತವೆ. ಹೆಸರು ತೆಗೆದು, ತಾಲ್ಲೂಕುವಾರು ಮತ್ತು ಕಾರ್ಡ್‌ವಾರು ವರ್ಷಕ್ಕೊಮ್ಮೆ ಪ್ರಕಟಿಸಿದರೆ ಸಾಕು. ಯಾದಗಿರಿಯ ಸುರಪುರದಿಂದ ಎಷ್ಟು ಬಿಪಿಎಲ್ ಕುಟುಂಬಗಳು ಹೃದಯ ಚಿಕಿತ್ಸೆಗೆ ಬಂದವು, ಮಂಗಳೂರಿನಿಂದ ಎಷ್ಟು ಬಂದವು ಎಂಬುದು ಎದುರು ಬದುರು ಕಂಡರೆ, ಮುಂದಿನ ಆರೋಗ್ಯಮಿತ್ರರನ್ನು ಯಾವ ಊರಿಗೆ ಕಳಿಸಬೇಕು ಎಂದು ಇಲಾಖೆ ಯಾರನ್ನೂ ಕೇಳಬೇಕಾಗುವುದಿಲ್ಲ.